ಕತ್ತಲೆ ಕೋಣೆಯಲ್ಲಿ ಕೋರಿ ರೊಟ್ಟಿ

ಮನುಷ್ಯನಿಗೆ ಕೆಲವು ವಿದ್ಯೆಗಳು ಕಲಿಯದೆಯೇ ಬರುತ್ತವೆ. ನನಗೆ ಊಟ ಹಾಗೆ ಬಂದದ್ದು. ಫೋಟೋ ತೆಗೆಯುವ ವಿದ್ಯೆಯೂ ಹಾಗೆಯೇ ಬರುತ್ತದೆ ಎಂದು ನಾನು ನಂಬಿದ್ದೆ.

ನಂಬದೆ ಏನು ಮಾಡಲಿ? ಆ ಕಾಲದ ಕ್ಯಾಮೆರಾ ಎಂದರೆ ಒಂದು ಕಪ್ಪು ಪೆಟ್ಟಿಗೆ. ಎದುರಿಗೆ ಒಂದು ಕಣ್ಣು, ಬದಿಯಲ್ಲಿ ಒಂದು ಕೀಲು, ಮೇಲಿನಿಂದ ಬಗ್ಗಿ ನೋಡಲು ಅಂಚೆ ಚೀಟಿಯಷ್ಟು ಗಾಜು. ಕೀಲು ಒತ್ತಿದರೆ ‘ಟಿಕ್’ ಎನ್ನುತ್ತದೆ. ಅಷ್ಟೇ! ಮಂಗಳೂರಿನ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತನಾಗಿ ಕೂತು, ಬಿಳಿ ದೊರೆ ಹಲ್ಲು ಕಚ್ಚಿಕೊಂಡು ಆಡುವ ಇಂಗ್ಲಿಷನ್ನೇ ಅರ್ಥ ಮಾಡಿಕೊಳ್ಳುವವನಿಗೆ ಒಂದು ಪೆಟ್ಟಿಗೆಯನ್ನು ಟಿಕ್ ಎನ್ನಿಸುವುದು ದೊಡ್ಡ ಮಾತೇ?

ಪೆಟ್ಟಿಗೆ ನನಗೆ ಸಿಕ್ಕಿದ್ದು ಪಿಂಟೋನಿಂದ. ಪಿಂಟೋ ನನ್ನ ಆಫೀಸಿನವನು, ಪಕ್ಕದ ಮೇಜಿನವನು. ಬೊಂಬಾಯಿಯಲ್ಲಿದ್ದ ಅವನ ಭಾವ ಹೊಸ ಕ್ಯಾಮೆರಾ ಕೊಂಡದ್ದರಿಂದ ಹಳೆಯದು ಇವನಿಗೆ ಬಂತು, ಇವನಿಗೆ ಬೇಸರ ಬಂದದ್ದರಿಂದ ನನಗೆ ಬಂತು. ಬದಲಿಗೆ ಪಿಂಟೋ ಕೇಳಿದ್ದು ಹಣವನ್ನಲ್ಲ.

“ನಿನ್ನ ಅತ್ತೆಯವರ ಕೋರಿ ರೊಟ್ಟಿ ಒಂದು ಸಲ ತಿನ್ನಿಸು ಮಾರಾಯ. ಅದರ ಸುದ್ದಿ ಕೇಳಿಯೇ ನಾನು ಅರ್ಧ ಮುದುಕ ಆದೆ” ಎಂದ.

ಕೋರಿ ರೊಟ್ಟಿ ಎಂದರೆ ನಮ್ಮ ಕಡೆ ಗರಿಗರಿಯಾದ ಅಕ್ಕಿರೊಟ್ಟಿಯನ್ನು ಮುರಿದು ಹಾಕಿ ಅದರ ಮೇಲೆ ಕೋಳಿಯ ಸಾರು ಸುರಿದು ಉಣ್ಣುವುದು. ಎಲ್ಲ ಮನೆಗಳಲ್ಲೂ ಮಾಡುತ್ತಾರೆ. ಆದರೆ ನಮ್ಮ ಅತ್ತೆ ಮಾಡಿದ್ದನ್ನು ಉಂಡವರು ಬೇರೆ ಮನೆಯದನ್ನು ಉಣ್ಣುವಾಗ ನಡುನಡುವೆ ನಿಟ್ಟುಸಿರು ಬಿಡುತ್ತಾರೆ. ನಾನಂತೂ ಬಿಡುತ್ತೇನೆ. ಅದಕ್ಕಾಗಿ ಹೆಂಡತಿಯಿಂದ ಬೈಸಿಕೊಂಡದ್ದೂ ಉಂಟು.

ನಮ್ಮದು ಮೂವರ ಒಂದು ಸಂಘ: ನಾನು, ಪಿಂಟೋ ಮತ್ತು ಕರ್ಕೇರ. ಸಂಘಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಘನ ಉದ್ದೇಶ ಮಾತ್ರ ಇತ್ತು. ಭಾನುವಾರ ಮೂವರಲ್ಲಿ ಯಾರಾದರೊಬ್ಬರ ಮನೆಯಲ್ಲಿ ಹೊಟ್ಟೆ ಬಿರಿಯುವಂತೆ ಉಣ್ಣುವುದು. ಕರ್ಕೇರ ಕುದ್ರೋಳಿಯ ಆಚೆ ಕಡಲ ಬದಿಯವನು. ಅವನ ಮನೆಯವರೆಲ್ಲ ಕಡಲಿಗೆ ಇಳಿಯುವವರು, ಇವನು ಮಾತ್ರ ದಡದಲ್ಲಿ ನಿಂತು ಮೀನಿನ ವ್ಯಾಪಾರ ಮಾಡುವವನು. ಅವನ ಮನೆಯಲ್ಲಿ ಮೀನು, ಪಿಂಟೋನ ಮನೆಯಲ್ಲಿ ಅವನ ತಾಯಿ ಕಳ್ಳು ಹಾಕಿ ಉಬ್ಬಿಸಿದ, ಇಡ್ಲಿಯಂಥ ಬಿಳೀ ಸಾನ್ನ. ಕ್ಯಾಮೆರಾ ಕೈಗೆ ಬಂದ ಮೇಲೆ ನಾನು ಇದನ್ನೆಲ್ಲ ಮುಂದಿನ ಜನಾಂಗಕ್ಕಾಗಿ ಚಿತ್ರಿಸಿಡಲು ನಿಶ್ಚಯಿಸಿದೆ.

ಮೊದಲನೆಯ ರೋಲನ್ನು ತೊಳೆಯಲು ಪೇಟೆಯ ಒಂದು ಸ್ಟುಡಿಯೋಗೆ ಕೊಟ್ಟೆ. ಸ್ಟುಡಿಯೋದವನು ಪಟಗಳನ್ನು ಮೇಜಿನ ಮೇಲೆ ಹರಡಿ ಕನ್ನಡಕ ಸರಿಮಾಡಿಕೊಂಡ.

“ಇದು ಎಂತದು?”

“ಸಾನ್ನ.”

“ಓಹೋ. ನಾನು ಮೋಡ ಅಂತ ಮಾಡಿದ್ದೆ. ಇವರು ಯಾರು?”

“ಕರ್ಕೇರ.”

“ಕುತ್ತಿಗೆಯಿಂದ ಮೇಲೆ?”

“ಅಲ್ಲಿಯೂ ಕರ್ಕೇರನೇ ಇದ್ದ. ಪಟದಲ್ಲಿ ಬರಲಿಲ್ಲ” ಎಂದೆ, ಗಂಭೀರವಾಗಿ.

ಆ ಮನುಷ್ಯ ನಕ್ಕ. ಆ ನಗೆ ನನ್ನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಕೂತಿತು. ತಪ್ಪು ನನ್ನದಲ್ಲ, ಅವನು ತೊಳೆದದ್ದರಲ್ಲೇ ಏನೋ ಎಡವಟ್ಟು ನಡೆದಿದೆ, ಇನ್ನು ಮೇಲೆ ನನ್ನ ಪಟಗಳನ್ನು ನಾನೇ ತೊಳೆಯುವುದು ಎಂದು ಆ ಮೆಟ್ಟಿಲು ಇಳಿಯುತ್ತಲೇ ಪ್ರತಿಜ್ಞೆ ಮಾಡಿದೆ.

ಅಷ್ಟಕ್ಕೇ ನಿಂತಿದ್ದರೆ ಸಾನ್ನ ಮೋಡವಾಗುತ್ತಿತ್ತು, ಕರ್ಕೇರನ ತಲೆ ಹೋಗುತ್ತಿತ್ತು, ಲೋಕಕ್ಕೆ ಹೆಚ್ಚಿನ ನಷ್ಟವಿರಲಿಲ್ಲ. ಆದರೆ ಒಂದು ಸಂಜೆ ನನ್ನ ಹೆಂಡತಿ ದೇವಕಿ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಅಪ್ಪನ ಮುಖ ನನಗೆ ಈಗೀಗ ಸರಿಯಾಗಿ ನೆನಪಿಗೆ ಬರುವುದಿಲ್ಲ” ಎಂದಳು. “ಮೀಸೆ ನೆನಪುಂಟು. ಮುಖ ಇಲ್ಲ. ಒಂದು ಪಟ ಕೂಡ ತೆಗೆಸಲಿಲ್ಲ ಅವರದ್ದು. ಅಮ್ಮನದ್ದಾದರೂ ಒಂದು ಬೇಕು.”

ಇದಕ್ಕೆ ನಾನು ತಮಾಷೆ ಮಾಡಲಿಲ್ಲ. ಮಾಡುವಂತಿರಲಿಲ್ಲ.

ಕಷ್ಟವಿದ್ದದ್ದು ಅತ್ತೆಯವರನ್ನು ಒಪ್ಪಿಸುವುದರಲ್ಲಿ. ಅತ್ತೆಯನ್ನು ನಾವು ತುಳುವರು ‘ಮಾಮಿ’ ಎನ್ನುವವರು. ಪಟ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಮಾಮಿಯ ಗಟ್ಟಿ ನಂಬಿಕೆ. ದೇವಕಿ ತವರಿಗೆ, ಕಾವೂರಿಗೆ, ಹೋದಾಗಲೆಲ್ಲ ಅತ್ತು, ಊಟ ಬಿಟ್ಟು, ಮಾತು ಬಿಟ್ಟು, ಕೊನೆಗೆ ಅವರನ್ನು ಮೆತ್ತಗೆ ಮಾಡಿದಳು.

“ಅಂಗಡಿಗೆ ನಾನು ಬರುವುದಿಲ್ಲ” ಎಂದರಂತೆ ಮಾಮಿ. “ಗುರುತಿಲ್ಲದವ ಒಬ್ಬ ಕರಿ ಬಟ್ಟೆಯೊಳಗೆ ತಲೆ ಹಾಕಿ ನನ್ನನ್ನು ನೋಡುವುದು ಬೇಡ. ಅಳಿಯಂದಿರು ತೆಗೆಯುವುದಾದರೆ ಆದೀತು. ನಮ್ಮ ಮನೆಯವರೇ ಅಲ್ವಾ?”

ಹೆಮ್ಮೆಯಿಂದ ನನ್ನ ಅಂಗಿಯ ಗುಂಡಿ ಬಿಗಿಯಾಯಿತು. ದೇವಕಿ ಮಾತ್ರ ಎಚ್ಚರಿಕೆಯವಳು.

“ತೆಗೆಯುವುದು ನೀವು ತೆಗೆಯಿರಿ. ತೊಳೆಯಲಿಕ್ಕೆ ಮಾತ್ರ ಸ್ಟುಡಿಯೋಗೆ ಕೊಡಬೇಕು. ಅಮ್ಮ ಇನ್ನೊಂದು ಸಲ ಒಪ್ಪುವುದಿಲ್ಲ. ಗೊತ್ತುಂಟಲ್ಲ?”

“ಗೊತ್ತುಂಟು” ಎಂದೆ. ಗೊತ್ತುಂಟು ಎಂದು ಹೇಳಿದೆನೇ ಹೊರತು ಕೊಡುತ್ತೇನೆಂದು ಹೇಳಲಿಲ್ಲ!

ಮಾಮಿ ಶನಿವಾರವೇ ಗಾಡಿಯಲ್ಲಿ ಬಂದಿಳಿದರು. ಜತೆಗೆ ಜೀವಂತ ಕೋಳಿಗಳು, ತೆಂಗಿನಕಾಯಿ, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಅಟ್ಟಿ. ಭಾನುವಾರ ಬೆಳಿಗ್ಗೆ ಅವರು ಮೆಣಸು ಹುರಿಯುವಾಗ ನಮ್ಮ ಮನೆಯೆದುರಿನ ಬಲ್ಮಠದ ರಸ್ತೆಯಲ್ಲಿ ಹೋಗುವವರು ಸೀನಿಕೊಂಡು ಹೋದರು. ಪಿಂಟೋ ಇಗರ್ಜಿಯಿಂದ ನೇರವಾಗಿ ಬಂದ. ಕರ್ಕೇರ ಬಾಳೆಲೆಯಲ್ಲಿ ಸುತ್ತಿದ ಅಂಜಲ್ ಮೀನು ಹಿಡಿದುಕೊಂಡು ಬಂದ. ಮಾಮಿ ಅದನ್ನೂ ಮಸಾಲೆ ಹಚ್ಚಿ ಕಾಯಿಸಿದರು.

ಎಲೆ ಹಾಕುವ ಹೊತ್ತಿಗೆ ನಾನು ಆಜ್ಞೆ ಹೊರಡಿಸಿದೆ. “ಊಟ ಒಳಗೆ ಅಲ್ಲ. ಅಂಗಳದಲ್ಲಿ! ಈ ಪೆಟ್ಟಿಗೆಗೆ ಬಿಸಿಲು ಬೇಕು.”

“ನಮಗೆ ಬೇಡವಲ್ಲ?” ಎಂದ ಕರ್ಕೇರ.

ಕೇಳುವವರು ಯಾರು! ನೆತ್ತಿಯ ಮೇಲೆ ಸೂರ್ಯ, ಕೆಳಗೆ ಕಾದ ನೆಲ, ನೆಲದ ಮೇಲೆ ಚಾಪೆ, ಚಾಪೆಯ ಎದುರು ಎಲೆ. ಎಲೆಯ ಮೇಲೆ ಮಾಮಿ ರೊಟ್ಟಿ ಮುರಿದು ಹಾಕಿ ಸಾರು ಸುರಿದರು. ಅಂಜಲ್ ತುಂಡುಗಳನ್ನಿಟ್ಟರು. ಪಿಂಟೋ ಕೈ ಚಾಚಿದ.

“ಯಾರೂ ಮುಟ್ಟಬೇಡಿ! ಮೊದಲು ಪಟ!”

ಅಂಚೆ ಚೀಟಿಯಷ್ಟಗಲದ ಆ ಗಾಜಿನಲ್ಲಿ ಎಡ ಬಲವಾಗಿಯೂ ಬಲ ಎಡವಾಗಿಯೂ ಕಾಣುತ್ತದೆ. ಎಲೆಯನ್ನು ನಡುವಿಗೆ ತರಲು ನಾನು ಈ ಕಡೆ ಸರಿದರೆ ಎಲೆ ಆ ಕಡೆ ಓಡುತ್ತಿತ್ತು. ನಾನು ಅದರ ಹಿಂದೆ ಅಂಗಳವಿಡೀ ಸುತ್ತಿದೆ.

“ಮಾರಾಯ, ರೊಟ್ಟಿ ಮೆತ್ತಗಾಗ್ತಾ ಉಂಟು!” ಪಿಂಟೋನ ದನಿಯಲ್ಲಿ ಅಳು ಇತ್ತು. “ಇದಕ್ಕಾಗಿ ನಾನು ಕ್ಯಾಮೆರಾ ಕೊಟ್ಟದ್ದಾ?”

ಅಷ್ಟರಲ್ಲಿ ಒಂದು ಕಾಗೆ ಬಂತು. ಎಲ್ಲರ ಎಲೆಗಳನ್ನು ಬಿಟ್ಟು, ಯಾರೂ ಕೂತಿರದ ನನ್ನ ಎಲೆಯ ಮುಂದೆ ಇಳಿದು ಅಂಜಲ್ ತುಂಡಿಗೆ ಬಾಯಿ ಹಾಕಿತು. ನಾನು ಟಿಕ್ ಎನ್ನಿಸಿದೆ. ಕರ್ಕೇರ ಕಾಗೆಯನ್ನು ಓಡಿಸಲು ಕೈ ಎತ್ತಿದ.

“ಬೇಡ, ಬಿಡಿ” ಎಂದರು ಮಾಮಿ. ಅವರ ದನಿ ತಟ್ಟನೆ ಮೆಲ್ಲಗಾಗಿತ್ತು. “ದೇವಕಿಯ ಅಪ್ಪನಿಗೆ ಅಂಜಲ್ ಅಂದರೆ ಜೀವ.”

ಹೋದ ಹಿರಿಯರು ಕಾಗೆಯ ರೂಪದಲ್ಲಿ ಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯವೇ. ಆ ಮಾತಿನ ಮೇಲೆ ನಾನು ಸ್ವಲ್ಪ ಗಮನ ಇಡಬೇಕಿತ್ತು. ಆದರೆ ನನ್ನ ಗಮನವೆಲ್ಲ ಹೋದ ಮೀನಿನ ತುಂಡಿನ ಮೇಲಿತ್ತು.

ಕೊನೆಗೂ ನಾನು ಎಲೆಯ ಮುಂದೆ ಕೂತೆ. ಕರ್ಕೇರ ಎಡಗೈಯಲ್ಲಿ ಕ್ಯಾಮೆರಾ ಎತ್ತಿ, “ನಿನ್ನದೂ ಒಂದು ಇರಲಿ ರೈ, ಕೋಳಿಯ ಕಾಲು ಕೈಯಲ್ಲಿ ಹಿಡಿ” ಎಂದು ಟಿಕ್ ಎನ್ನಿಸಿದ. ಅಲ್ಲಿಗೆ ರೋಲಿನ ಅರ್ಧ ಮುಗಿಯಿತು. ಉಳಿದ ಅರ್ಧ ಮಾಮಿಗೆ.

ಊಟವಾದ ಮೇಲೆ ಮಾಮಿ ಮುಖ ತೊಳೆದು, ಬಿಳಿ ಸೀರೆ ಉಟ್ಟು, ಬಾವಿಕಟ್ಟೆಯ ಬದಿಗೆ ಇಟ್ಟ ಕುರ್ಚಿಯಲ್ಲಿ ಪೋಲೀಸರ ಮುಂದೆ ಕೂತವರಂತೆ ಕೂತರು.

“ಅಲ್ಲಾಡಬಾರದು ಮಾಮಿ. ಉಸಿರು ಕೂಡ ಬಿಡಬೇಡಿ” ಎಂದೆ.

ನಾನು ಮತ್ತೆ ಎಡಬಲಗಳ ಗೊಂದಲದಲ್ಲಿ ಬಿದ್ದೆ. ಟಿಕ್ ಎನ್ನಿಸಿ ತಲೆ ಎತ್ತಿದಾಗ ಮಾಮಿಯ ಮುಖ ಊದಿ ಕೆಂಪಾಗಿತ್ತು.

“ಉಸಿರು ಬಿಡಿ ಅಂತ ಹೇಳಿ!” ದೇವಕಿ ಕಿರುಚಿದಳು. “ನೀವು ಹೇಳದೆ ಅಮ್ಮ ಬಿಡುವುದಿಲ್ಲ!”

ಹೇಳಿದೆ. ಮಾಮಿ ಬಿಟ್ಟರು. ಜತೆಗೆ ಒಂದು ನಗೆಯೂ ಬಂತು. ಆ ನಗೆ ಅಡಗುವ ಮೊದಲೇ ನಾನು ಕೀಲು ಒತ್ತಿದೆ. ಅದು ಮಾತ್ರ ಚಂದದ ಪಟವಾಗುತ್ತದೆ ಎಂದು ನನಗೂ ಅನ್ನಿಸಿತು, ದೇವಕಿಗೂ ಅನ್ನಿಸಿತು. ಅವಳು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು. ಮದುವೆಯಾದಂದಿನಿಂದ ಅವಳು ನನ್ನನ್ನು ಅಷ್ಟು ಮೆಚ್ಚಿಕೊಂಡು ನೋಡಿದ್ದು ಅದೇ ಮೊದಲಿರಬೇಕು. ಹಾಗೆ ನೋಡಿದವಳನ್ನು ಇನ್ನಷ್ಟು ಬೆರಗುಗೊಳಿಸುವ ಆಸೆಯಾಯಿತು. ಸಂಜೆಯೊಳಗೆ ಪಟ ತೊಳೆದು ಕೈಗೇ ಕೊಟ್ಟರೆ!

“ಬಾವಿಯ ಹತ್ತಿರ ತೊಳೆಯಲಿಕ್ಕೆ ರಾಶಿ ಉಂಟು” ಎಂದು ದೇವಕಿ ಎಂಜಲು ಪಾತ್ರೆಗಳನ್ನು ಎತ್ತಿಕೊಂಡಳು.

“ನಾನೂ ಸ್ವಲ್ಪ ತೊಳೆಯುತ್ತೇನೆ” ಎಂದೆ.

ಅವಳಿಗೆ ಸಂತೋಷವಾಯಿತು. ಪಾತ್ರೆ ಎಂದುಕೊಂಡಳು!

ನಮ್ಮ ಮನೆಯ ನಡುವಿನಲ್ಲಿ ಕಿಟಕಿಯಿಲ್ಲದ ಒಂದು ಉಗ್ರಾಣವಿತ್ತು. ಕತ್ತಲೆಗೆ ಅದಕ್ಕಿಂತ ಒಳ್ಳೆಯ ಜಾಗ ಮಂಗಳೂರಿನಲ್ಲೇ ಇಲ್ಲವೆಂದು ತಿಳಿದಿದ್ದೆ. ಬಾಗಿಲು ಹಾಕಿ ನೋಡಿದರೆ ಒಳಗೆ ಹಗಲು! ಅಕ್ಕಿ ಅಳೆಯುವಾಗ ಕಾಣಲಿ ಎಂದು ಮಾಡಿಗೆ ಒಂದು ಗಾಜಿನ ಹಂಚು ಹಾಕಿಸಿದ್ದೆನಲ್ಲ, ಅದು ಮೇಲಿನಿಂದ ನಗುತ್ತಿತ್ತು. ಹಂಚಿನ ಕಾರ್ಖಾನೆಯ ಗುಮಾಸ್ತನಿಗೆ ಮರೆತುಹೋದದ್ದು ಹಂಚು!

“ಏಣಿ ತಾ. ನಾನು ಮೇಲೆ ಹೋಗಿ ಅದಕ್ಕೆ ಕೊಡೆ ಹಿಡಿಯುತ್ತೇನೆ” ಎಂದ ಕರ್ಕೇರ. ನನ್ನ ಕರಿ ಕೊಡೆ ಹಿಡಿದು ಮಾಡು ಹತ್ತಿ, ಗಾಜಿನ ಹಂಚಿನ ಮೇಲೆ ಅದನ್ನು ಬಿಡಿಸಿ ಹಿಡಿದುಕೊಂಡು ಕೂತ. ಒಳಗೆ ಕತ್ತಲೆಯಾಯಿತು. ರಸ್ತೆಯಲ್ಲಿ ಹೋಗುತ್ತಿದ್ದವರು ಮಾತ್ರ ನಿಂತು ನೋಡತೊಡಗಿದರು. ಸುಡುಬಿಸಿಲಿನಲ್ಲಿ ಒಬ್ಬ ಮನುಷ್ಯ ಮಾಡಿನ ಮೇಲೆ ಕೂತು, ತಾನು ಬಿಸಿಲಿನಲ್ಲೇ ಇದ್ದುಕೊಂಡು, ಹಂಚಿಗೆ ಕೊಡೆ ಹಿಡಿಯುವುದು ಪ್ರತಿದಿನ ಕಾಣುವ ದೃಶ್ಯವಲ್ಲವಷ್ಟೆ.

ಬಾಗಿಲಿನದ್ದು ಇನ್ನೊಂದು ಕಥೆ. ಅದಕ್ಕೆ ಚಿಲಕ ಇದ್ದದ್ದು ಹೊರಗಡೆ ಮಾತ್ರ. ಅಕ್ಕಿ ಮುಡಿಗಳು ಒಳಗಿನಿಂದ ಚಿಲಕ ಹಾಕಿಕೊಳ್ಳುವ ಅಗತ್ಯ ಅದುವರೆಗೆ ಯಾರಿಗೂ ಕಂಡಿರಲಿಲ್ಲ. ಆದ್ದರಿಂದ ಪಿಂಟೋನನ್ನು ಬಾಗಿಲಿಗೆ ಕಾವಲು ಕೂರಿಸಿದೆ. ತೊಳೆಯುವ ಮದ್ದುಗಳ ಪೊಟ್ಟಣ ತಂದವನೂ ಅವನೇ, ಕ್ರಮ ಹೇಳಿಕೊಟ್ಟವನೂ ಅವನೇ.

“ಮೊದಲನೇ ಪಾತ್ರೆಯ ಮದ್ದಿನಲ್ಲಿ ಆಡಿಸಿದರೆ ಚಿತ್ರ ಮೂಡ್ತದೆ. ನಡುವಿನದ್ದು ನೀರು. ಮೂರನೇದು ಹೈಪೊ. ಹೈಪೊದಲ್ಲಿ ಸ್ವಲ್ಪ ಹೊತ್ತು ಬಿದ್ದರೆ ಚಿತ್ರ ಗಟ್ಟಿ, ಮತ್ತೆ ಬೆಳಕು ಬಿದ್ದರೂ ಎಂತದೂ ಆಗುವುದಿಲ್ಲ. ಅದರ ಮೊದಲು ಬೆಳಕು ಬಿದ್ದರೆ ಎಲ್ಲ ಕರಿ. ತಿಳಿಯಿತಾ?”

“ತಿಳಿಯಿತು” ಎಂದೆ. ಅಡಿಗೆಮನೆಯಿಂದ ಮೂರು ಪಾತ್ರೆ ತಂದೆ. ಅವುಗಳಲ್ಲೊಂದು ಮಾವಿನ ಉಪ್ಪಿನಕಾಯಿಯ ವಾಸನೆಯಿದ್ದ ಕಲ್ಲಿನ ಮರಿಗೆ. ಲಾಟೀನಿಗೆ ಕೆಂಪು ಬಟ್ಟೆ ಸುತ್ತಬೇಕಿತ್ತು. ದೇವಕಿಯ ಹೊಸ ರವಕೆ ಕಣ ಕೈಗೆ ಸಿಕ್ಕಿತು. ಸೆಕೆಗೆ ಅಂಗಿ ಕಳಚಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಎದುರಿಗೆ ಸಾಲಾಗಿ ಮೂರು ಪಾತ್ರೆ, ಬದಿಯಲ್ಲಿ ಕೆಂಪು ದೀಪ, ಮುಚ್ಚಿದ ಬಾಗಿಲು.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಹೋದ ಹಿರಿಯರಿಗೆ ‘ಅಗೆಲು’ ಬಡಿಸುವ ಕ್ರಮ ಉಂಟು. ಒಳಕೋಣೆಯಲ್ಲಿ ದೀಪ ಹಚ್ಚಿ, ಎಲೆಯಲ್ಲಿ ರೊಟ್ಟಿ, ಕೋಳಿ ಬಡಿಸಿ, ಬಾಗಿಲು ಹಾಕಿ ಹೊರಗೆ ಕಾಯುವುದು. ಹಿರಿಯರು ಬಂದು ಉಂಡು ಹೋಗುತ್ತಾರೆ. ಆಮೇಲೆ ಮನೆಯ ದೊಡ್ಡವರು ಕೆಮ್ಮಿ, ಬಾಗಿಲು ತೆರೆಯುವುದು. ಕೆಮ್ಮುವುದು ಯಾಕೆಂದರೆ, ಉಣ್ಣುತ್ತಿರುವವರ ಮೇಲೆ ತಟ್ಟನೆ ನುಗ್ಗಬಾರದಲ್ಲ.

ಈ ಕ್ರಮ ನನಗೆ ಚೆನ್ನಾಗಿ ಗೊತ್ತು. ಆದರೆ ಆ ಹೊತ್ತಿನಲ್ಲಿ ನಾನು ವಿಜ್ಞಾನಿಯಾಗಿದ್ದೆ.

ಅಡಿಗೆಮನೆಯಿಂದ ಬಂದ ಮಾಮಿ ಮುಚ್ಚಿದ ಬಾಗಿಲನ್ನೂ ಅದರ ಸಂದಿನ ಕೆಂಪು ಬೆಳಕನ್ನೂ ನೋಡಿದರು. ಪಿಂಟೋನನ್ನು ಕೇಳಿದರು. ಈ ಮಾತುಕತೆ ಬಾಗಿಲಿನ ಮೂಲಕ ನನಗೆ ಕೇಳಿಸುತ್ತಿತ್ತು.

“ಅಳಿಯಂದಿರು ಒಳಗೆ ಎಂತ ಮಾಡ್ತಾರೆ?”

ಪಿಂಟೋಗೆ ಹೊಟ್ಟೆ ತುಂಬಿ ಕಣ್ಣು ಮುಚ್ಚುತ್ತಿತ್ತು. ಹೆಚ್ಚು ವಿವರಿಸುವ ಶಕ್ತಿ ಇರಲಿಲ್ಲ.

“ಮಾಮಿ, ಕತ್ತಲೆಯಲ್ಲಿ ದೀಪ ಇಟ್ಟು ಕಾಯಬೇಕು. ಮೆಲ್ಲ ಮೆಲ್ಲ ಒಬ್ಬೊಬ್ಬರೇ ಬರ್ತಾರೆ. ನಡುವೆ ಬಾಗಿಲು ತೆರೆದರೆ ಹೋಗಿಬಿಡ್ತಾರೆ.”

“ಹೌದು ಹೌದು” ಎಂದರು ಮಾಮಿ, ಎಲ್ಲ ತಿಳಿದವರಂತೆ. “ನಾನು ಮಾತಾಡುವುದಿಲ್ಲ.”

ಎಷ್ಟು ಬೇಗ ಅರ್ಥ ಮಾಡಿಕೊಂಡರು! ಹಳೆಯ ಕಾಲದವರಾದರೂ ನಮ್ಮ ಮಾಮಿಗೆ ಹೊಸ ವಿದ್ಯೆಯ ಮೇಲೆ ಗೌರವ ಉಂಟು ಎಂದು ನಾನು ಒಳಗೆ ಮೆಚ್ಚಿಕೊಂಡೆ.

ರೋಲನ್ನು ಕತ್ತರಿಯಿಂದ ನಡುವಿಗೆ ಕತ್ತರಿಸಿದೆ. ಒಂದು ಅರ್ಧ ಊಟದ್ದು, ಇನ್ನೊಂದು ಮಾಮಿಯದ್ದು. ಮುಖ್ಯವಾದದ್ದನ್ನು ಮೊದಲೇ ಮಾಡಿ ಕೈ ಕೆಡಿಸಿಕೊಳ್ಳುವುದು ಬೇಡ, ಊಟದ ಅರ್ಧದಲ್ಲಿ ಮೊದಲು ಕೈ ಪಳಗಲಿ ಎಂದು ನಿಶ್ಚಯಿಸಿದೆ. ಈಗಲೂ ಯೋಚಿಸಿದರೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಆ ದಿನ ನಾನು ತಲೆ ಉಪಯೋಗಿಸಿ ಮಾಡಿದ ಕೆಲಸ ಅದೊಂದೇ. ಅದೇ ಮನೆ ಮುಳುಗಿಸಿತು!

ಮದ್ದಿನಲ್ಲಿ ಆಡಿಸಿದಂತೆ ಒಂದೊಂದೇ ಕಪ್ಪು ಗುರುತು ಮೂಡತೊಡಗಿತು. ತೊಳೆದ ಫಿಲ್ಮಿನಲ್ಲಿ ಎಲ್ಲವೂ ತಲೆಕೆಳಗು. ಬಿಳಿಯದು ಕಪ್ಪು, ಕಪ್ಪು ಬಿಳಿ. ಬೆಳ್ಳಗಿನ ಒಂದು ಕಾಗೆ ನನ್ನ ಕಣ್ಣ ಮುಂದೆ ರೆಕ್ಕೆ ಬಿಚ್ಚಿತು. ನನ್ನ ಆನಂದಕ್ಕೆ ಪಾರವಿಲ್ಲ!

“ಬಂತು! ಬಂತು!” ಎಂದು ಕೂಗಿದೆ. “ಪಿಂಟೋ, ಎಲೆ ಬಂತು! ಕಾಗೆ ಬಂತು! ಕೋಳಿ ಮಾತ್ರ ಬರಲಿಲ್ಲ!”

ಪಿಂಟೋ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ಉತ್ತರ ಬೇರೆ ಕಡೆಯಿಂದ ತಯಾರಾಗುತ್ತಿತ್ತು.

ಮಾಮಿ ಯೋಚಿಸಿದ್ದು ಹೀಗೆ. ಮಧ್ಯಾಹ್ನ ಕಾಗೆಯಾಗಿ ಬಂದ ಗಂಡ ಈಗ ಒಳಗೂ ಬಂದಿದ್ದಾರೆ. ಅಳಿಯ ಪುಣ್ಯಾತ್ಮ, ಯಾರಿಗೂ ಹೇಳದೆ ಅಗೆಲು ಬಡಿಸಲು ಕೂತಿದ್ದಾನೆ. ಆದರೆ ಅವನು ಒಳಗೆ ಕೊಂಡುಹೋದದ್ದು ಏನು? ಮೂರು ಪಾತ್ರೆ ನೀರು! ಕೋಳಿ ಎಲ್ಲಿ? ‘ಕೋಳಿ ಬರಲಿಲ್ಲ’ ಎಂದು ಒಳಗಿನಿಂದಲೇ ಕೂಗು ಬಂತು. ಬದುಕಿರುವಾಗ ಒಂದು ದಿನವೂ ಕೋಳಿಯಿಲ್ಲದೆ ಎಲೆಯಿಂದ ಎಬ್ಬಿಸದ ಗಂಡನನ್ನು ಸತ್ತ ಮೇಲೆ ಬರೀ ನೀರು ಕುಡಿಸಿ ಕಳಿಸುವುದೇ?

ನನಗೆ ಇದೊಂದೂ ಗೊತ್ತಿಲ್ಲ. ಊಟದ ಅರ್ಧ ಹೈಪೊದಲ್ಲಿ ಚೆನ್ನಾಗಿ ನೆನೆದಿತ್ತು. ಮಾಮಿಯ ಅರ್ಧವನ್ನು ಕೈಗೆತ್ತಿಕೊಂಡೆ. ಮದ್ದಿನಲ್ಲಿ ಇಳಿಸಿದೆ. ಆಡಿಸಿದೆ. ಮೊದಲು ಸೀರೆ ಬಂತು, ಮತ್ತೆ ಕುರ್ಚಿ, ಮತ್ತೆ ಮೆಲ್ಲಗೆ ಮುಖ. ಆ ನಗೆ! ಅಷ್ಟು ಸಣ್ಣ ಫಿಲ್ಮಿನಲ್ಲೂ, ಕಪ್ಪು ಬಿಳಿ ತಿರುಗುಮುರುಗಾಗಿದ್ದರೂ, ಅದು ಮಾಮಿಯ ನಗೆಯೇ. ದೇವಕಿಯನ್ನು ಕರೆಯಬೇಕು ಎನ್ನಿಸಿತು.

ಆಗ ಹೊರಗೆ ಕೆಮ್ಮು ಕೇಳಿಸಿತು.

ಮಾಮಿಗೆ ಶೀತವಾಗಿದೆ, ಬಿಸಿಲಿನಲ್ಲಿ ಕೂರಿಸಬಾರದಿತ್ತು ಎಂದುಕೊಂಡೆ.

ಮತ್ತೊಮ್ಮೆ ಕೆಮ್ಮು. ಆಮೇಲೆ ಬಾಗಿಲು ಪೂರ್ತಿ ತೆರೆಯಿತು.

“ಬಾಗಿಲು! ಬಾಗಿಲು ಮಾಮಿ!”

ಮಾಮಿ ತಲೆ ತಗ್ಗಿಸಿದ್ದರು. ಎರಡೂ ಕೈಯಲ್ಲಿ ಬಾಳೆಲೆ, ಎಲೆಯಲ್ಲಿ ರೊಟ್ಟಿ, ರೊಟ್ಟಿಯ ಮೇಲೆ ಕೋಳಿಯ ತೊಡೆ. ಅದು ರಾತ್ರಿಯ ಊಟಕ್ಕೆಂದು ನಾನೇ ಗುಟ್ಟಾಗಿ ಮುಚ್ಚಿಟ್ಟಿದ್ದ ತೊಡೆ! ಅವರು ಭಕ್ತಿಯಿಂದ ನಡೆದು ಬಂದು ಎಲೆಯನ್ನು ನನ್ನ ಮುಂದೆ ಇಟ್ಟು ಕೈಮುಗಿದರು. ಬೆನ್ನ ಹಿಂದಿನಿಂದ ಮಧ್ಯಾಹ್ನದ ಬಿಸಿಲು ಅಷ್ಟೂ ಒಳಗೆ ಬಂತು. ಅದೂ ಸಾಲದು ಎಂಬಂತೆ ಅದೇ ಹೊತ್ತಿಗೆ ಕಡಲ ಗಾಳಿ ಬೀಸಿತು. ಮಾಡಿನ ಮೇಲಿನಿಂದ “ಅಯ್ಯೋ ಕೊಡೆ!” ಎಂದು ಕರ್ಕೇರ ಕೂಗಿದ. ಕೊಡೆ ಹಾರಿತು. ಗಾಜಿನ ಹಂಚಿನಿಂದ ಒಂದು ಬಿಸಿಲುಕೋಲು ನೆಟ್ಟಗೆ ಇಳಿದು ಕೋಳಿಯ ತೊಡೆಯ ಮೇಲೆಯೇ ಬಿತ್ತು.

“ಬಂದರು!” ಎಂದರು ಮಾಮಿ.

ಬಂದರೋ ಇಲ್ಲವೋ, ಹೋದದ್ದು ನನ್ನ ಕಣ್ಣೆದುರೇ ಹೋಯಿತು. ಮಾಮಿಯ ಮುಖ ಬೂದಿಯಾಯಿತು, ಹೊಗೆಯಾಯಿತು, ಕೊನೆಗೆ ಇದ್ದಲಿನಂತೆ ಕಪ್ಪಾಗಿ ಮರಿಗೆಯಲ್ಲಿ ತೇಲಿತು.

ಗದ್ದಲಕ್ಕೆ ದೇವಕಿ ಬಾವಿಯಿಂದ ಓಡಿ ಬಂದಳು. ಪಿಂಟೋ ಎದ್ದು ಕೂತ. ಕರ್ಕೇರ ಕೊಡೆಯಿಲ್ಲದೆ ಇಳಿದು ಬಂದ. ದೇವಕಿ ಪಾತ್ರೆಗಳನ್ನು ನೋಡಿದಳು, ರವಕೆ ಕಣ ನೋಡಿದಳು, ನನ್ನ ಕೈಯಲ್ಲಿದ್ದ ಕರಿ ಪಟ್ಟಿಯನ್ನು ನೋಡಿದಳು.

“ಅದು ಅಮ್ಮನಾ?”

“ಹೌದು.”

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ತಪ್ಪನ್ನು ಪಿಂಟೋನ ಗೊರಕೆಯ ಮೇಲೆ ಹಾಕುತ್ತಿದ್ದೆ. ಅವಳು ಹೊಸಿಲಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅಷ್ಟು ದಿನ ಅತ್ತು ಅವಳು ಗಳಿಸಿದ್ದನ್ನು ನಾನು ಒಂದು ಮರಿಗೆ ಮದ್ದಿನಲ್ಲಿ ಮುಳುಗಿಸಿಬಿಟ್ಟಿದ್ದೆ. ಸ್ಟುಡಿಯೋಗೆ ಕೊಡಿ ಎಂದು ಅವಳು ಬಾಯಿ ಬಿಟ್ಟು ಹೇಳಿದ್ದಳಲ್ಲ!

“ಎಂತ ಆಯ್ತು?” ಎಂದರು ಮಾಮಿ.

ಪಿಂಟೋ ಕರ್ಕೇರನನ್ನು ನೋಡಿದ, ಕರ್ಕೇರ ಮಾಡನ್ನು ನೋಡಿದ. ಕೊನೆಗೆ ನಾನೇ ಎಲ್ಲ ಹೇಳಿದೆ. ಅಗೆಲು ಅಲ್ಲ ಎಂದೆ, ಪಟ ತೊಳೆಯುವುದು ಎಂದೆ, ಬೆಳಕು ಬಿದ್ದರೆ ಅಳಿಸಿ ಹೋಗುತ್ತದೆ ಎಂದೆ. ಮಾಮಿ ಆ ಪಟ್ಟಿಯನ್ನು ಕೇಳಿ ತೆಗೆದುಕೊಂಡರು. ಬಾಗಿಲಿನ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

“ಇದರಲ್ಲಿ ನಾನು ಇದ್ದದ್ದಾ?”

“ಇದ್ದಿರಿ ಮಾಮಿ. ನಗುತ್ತಾ ಇದ್ದಿರಿ. ನಾನು ನೋಡಿದೆ. ಮತ್ತೆ ಹೋಯಿತು.”

“ಹೋಗಲಿಲ್ಲ” ಎಂದರು ಮಾಮಿ. “ಅವರು ಕೊಂಡುಹೋದರು.”

“ಯಾರು?”

“ಯಾರು ಅಂದರೆ? ನಿಮ್ಮ ಮಾವ. ಅವರ ಹತ್ತಿರ ನನ್ನ ಪಟ ಇರಲಿಲ್ಲ ಅಲ್ವಾ?”

ಅವರ ದನಿಯಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಗಂಡನ ಹೆಸರು ಹೇಳಲು ನಾಚುವ ಹೆಣ್ಣಿನಂತೆ ಮುಖ ಸ್ವಲ್ಪ ಬದಿಗೆ ತಿರುಗಿಸಿದರು. ಪಟ್ಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಪಿಂಟೋ ಶಿಲುಬೆಯ ಗುರುತು ಮಾಡಿಕೊಂಡ. ವಿಜ್ಞಾನದ ವಿಷಯ ಮತ್ತೆ ಎತ್ತಲು ನನಗೆ ಮನಸ್ಸಾಗಲಿಲ್ಲ.

ಮಾಮಿ ಮಗಳ ಹತ್ತಿರ ಹೋಗಿ ಅವಳ ತಲೆ ನೇವರಿಸಿದರು.

“ನೀನು ಎಂತಕ್ಕೆ ಅಳುವುದು? ಅವರಿಗೆ ಒಂದು ಸಿಕ್ಕಿತು. ಇನ್ನು ನಿನಗೊಂದು ಬೇಕಲ್ಲ. ನಾಳೆ ಆ ಅಂಗಡಿಗೆ ಹೋಗುವ.”

ದೇವಕಿ ಸೆರಗು ಸರಿಸಿದಳು. “ಸ್ಟುಡಿಯೋಗಾ? ಇವರೇ ತೆಗೆಯಬೇಕು ಅಂತ ನೀವೇ ಹೇಳಿದ್ದು ಅಲ್ವಾ ಅಮ್ಮ?”

ಮಾಮಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಅಂಗಿಯಿಲ್ಲದ ಮೈ, ಮದ್ದಿನಿಂದ ಕಪ್ಪಾದ ಬೆರಳು, ಮುಂದೆ ಕೋಳಿಯ ತೊಡೆ.

“ಅಳಿಯಂದಿರು ತೆಗೆದದ್ದು ಸತ್ತವರಿಗೆ ಆದೀತು” ಎಂದರು. “ನಿನಗೆ ಕಣ್ಣಿಗೆ ಕಾಣುವಂಥದ್ದು ಬೇಕು.”

ಮರುದಿನ ಸ್ಟುಡಿಯೋದಲ್ಲಿ ಮಾಮಿ ಹುಲಿಯಂತೆ ಕೂತರು. ಕರಿ ಬಟ್ಟೆಯೊಳಗೆ ತಲೆ ಹಾಕಿದ ಮನುಷ್ಯನಿಗೆ, “ಉಸಿರು ಬಿಡಲಿಕ್ಕೆ ಹೇಳಲು ಮರೆಯಬೇಡಿ” ಎಂದು ಮೊದಲೇ ಎಚ್ಚರಿಸಿದರು. ಪಟ ಸೊಗಸಾಗಿ ಬಂತು. ದೇವಕಿ ಅದನ್ನು ಎದೆಗವಚಿಕೊಂಡೇ ಮನೆಗೆ ತಂದಳು, ನನ್ನ ಕೈಯಲ್ಲಿ ಒಂದು ಕ್ಷಣವೂ ಕೊಡಲಿಲ್ಲ.

ಉಳಿದ ಅರ್ಧ ರೋಲಿನ ಪಟಗಳನ್ನೂ ಅಲ್ಲಿಯೇ ಅಚ್ಚು ಹಾಕಿಸಿದೆ. ಸ್ಟುಡಿಯೋದವನು ಅವುಗಳನ್ನು ಹರಡಿ, “ಕಾಗೆ ಒಳ್ಳೆಯದಾಗಿ ಬಂದಿದೆ” ಎಂದ. ಅಷ್ಟು ಹೇಳಿ ಕೊನೆಯದನ್ನು ಕೈಗೆತ್ತಿಕೊಂಡು ಕನ್ನಡಕ ಸರಿಮಾಡಿಕೊಂಡ. ಅದು ಕರ್ಕೇರ ಎಡಗೈಯಲ್ಲಿ ತೆಗೆದ ನನ್ನ ಪಟ. ಎಲೆ ಇತ್ತು, ಕೋಳಿಯ ಕಾಲು ಹಿಡಿದ ಕೈ ಇತ್ತು, ಹೊಟ್ಟೆಯಂತೂ ಸಂಪೂರ್ಣವಾಗಿ ಇತ್ತು. ಕುತ್ತಿಗೆಯಿಂದ ಮೇಲೆ ಕಾಗದವೇ ಮುಗಿದಿತ್ತು! ಕರ್ಕೇರ ಸೇಡು ತೀರಿಸಿಕೊಂಡಿದ್ದ.

ಮನೆಗೆ ತಂದು ಅದನ್ನು ಅಡಗಿಸಿಡುವಷ್ಟರಲ್ಲಿ ಮಾಮಿಯ ಕೈಗೆ ಸಿಕ್ಕಿತು. ಅವರು ಒಂದೇ ನೋಟ ನೋಡಿದರು.

“ಓ, ಅಳಿಯಂದಿರು!” ಎಂದರು ಸಂತೋಷದಿಂದ. “ತಲೆ ಇಲ್ಲದಿದ್ದರೂ ಸರಿಯಾಗಿ ಗುರುತು ಸಿಗ್ತದೆ.”

ದೇವಕಿ ನಕ್ಕಳು. ಆ ಭಾನುವಾರದ ಮೇಲೆ ಮೊದಲ ಸಲ ನಕ್ಕಳು. ಆ ನಗೆಯನ್ನು ಕೆಡಿಸಬಾರದೆಂದು, ಅದನ್ನು ಮಾಮಿಯ ಪಟದ ಪಕ್ಕದಲ್ಲೇ ಗೋಡೆಗೆ ಹಾಕಲು ನಾನು ಒಪ್ಪಿದೆ.

ಎರಡೂ ಪಟಗಳು ಈಗಲೂ ನಮ್ಮ ಚಾವಡಿಯಲ್ಲಿ ಉಂಟು. ಬಂದವರೆಲ್ಲ ಮಾಮಿಯದನ್ನು ತೋರಿಸಿ “ಇವರು ಯಾರು?” ಎಂದು ಕೇಳುತ್ತಾರೆ. ಇನ್ನೊಂದನ್ನು ತೋರಿಸಿ ಯಾರೂ ಈವರೆಗೆ ಕೇಳಿಲ್ಲ.